ಸ್ಟ್ರಾಸ್‌ಬರ್ಗಿನ ಸಂಶಯವಾದಿಗಳಿಗೆ ಬ್ಯಾಂಕ್ ಗುಮಾಸ್ತನೊಬ್ಬನ ಬಹಿರಂಗ ಪತ್ರ

ಇವರಿಗೆ,
ಅಧ್ಯಕ್ಷರು ಮತ್ತು ಸದಸ್ಯರು,
‘ಪೇಟ್ರಿಯಟ್ಸ್ ಫಾರ್ ಯುರೋಪ್’ ಗುಂಪು,
ಐರೋಪ್ಯ ಸಂಸತ್ತು, ಸ್ಟ್ರಾಸ್‌ಬರ್ಗ್.

ವಿಷಯ: ಒಳಗೆ ಕುಳಿತು ವಿರೋಧಿಸುವ ಕೆಲಸವನ್ನು ನೆಟ್ಟಗೆ ಮಾಡುವ ಕುರಿತು.

ಮಾನ್ಯರೇ,

ಮೊದಲು ನನ್ನ ಅರ್ಹತೆಯನ್ನು ಹೇಳಿಬಿಡುತ್ತೇನೆ. ನಾನು ಕುಂದಾಪುರದ ಕಡೆಯವನು, ನಿವೃತ್ತ ಬ್ಯಾಂಕ್ ಗುಮಾಸ್ತ. ಮೂವತ್ತನಾಲ್ಕು ವರ್ಷ ಕೌಂಟರಿನ ಹಿಂದೆ ಕುಳಿತವನು. ಬಡ್ತಿಯ ಬೆನ್ನಿಗೇ ದೂರದ ವರ್ಗಾವಣೆಯೂ ಬರುತ್ತದೆಂದು ಎರಡು ಸಲ ಬಡ್ತಿಯನ್ನೇ ಬೇಡವೆಂದು ಬರೆದುಕೊಟ್ಟವನು. ಇಂಥವನಿಗೂ ನಿಮಗೂ ಏನು ಸಂಬಂಧ ಎಂದು ಕೇಳುವಿರಾದರೆ, ಆ ಸಂಬಂಧವನ್ನು ಹುಟ್ಟುಹಾಕಿದವರು ನಿಮ್ಮ ಸಾಲಿನ ಹಿರಿಯರೇ. 2010ರ ಫೆಬ್ರವರಿ 24ರಂದು ನಿಮ್ಮ ಸಂಸತ್ತಿನಲ್ಲಿ ಬ್ರಿಟನ್ನಿನ ಸದಸ್ಯ ನೈಜೆಲ್ ಫರಾಜ್ ಎದ್ದು ನಿಂತು, ಐರೋಪ್ಯ ಮಂಡಳಿಯ ಅಧ್ಯಕ್ಷರಾಗಿದ್ದ ಹರ್ಮನ್ ವಾನ್ ರೊಂಪುಯ್ ಅವರಿಗೆ ಮುಖಾಮುಖಿಯಾಗಿಯೇ, ನಿಮ್ಮ ವರ್ಚಸ್ಸು ಒದ್ದೆ ಬಟ್ಟೆಯದು, ಚಹರೆ ಕೆಳದರ್ಜೆಯ ಬ್ಯಾಂಕ್ ಗುಮಾಸ್ತನದು ಎಂದರು. ಸಂಸತ್ತಿನ ಅಧ್ಯಕ್ಷ ಯೆರ್ಜಿ ಬುಝೆಕ್ ಅವರು ಫರಾಜ್‌ರ ಹತ್ತು ದಿನಗಳ ಭತ್ಯೆಗೆ, ಅಂದರೆ ಸುಮಾರು 3,000 ಯೂರೋಗೆ, ಕತ್ತರಿ ಹಾಕಿದರು. ಫರಾಜ್ ಬಗ್ಗಲಿಲ್ಲ. ವಾನ್ ರೊಂಪುಯ್ ಅವರ ಕ್ಷಮೆ ಕೇಳುವುದಿಲ್ಲ, ಕೇಳುವುದಿದ್ದರೆ ಜಗತ್ತಿನ ಬ್ಯಾಂಕ್ ಗುಮಾಸ್ತರ ಕ್ಷಮೆಯನ್ನಷ್ಟೇ ಕೇಳುತ್ತೇನೆ ಎಂದರು.

ಆ ಕ್ಷಮಾಪಣೆ ನನ್ನ ವಿಳಾಸಕ್ಕೂ ಬಂದಿದೆ ಎಂದೇ ನಾನು ತಿಳಿದಿದ್ದೇನೆ. ಫರಾಜ್ ನಿಮ್ಮ ಗುಂಪಿನವರಲ್ಲ, ಬ್ರಿಟನ್ ಐರೋಪ್ಯ ಒಕ್ಕೂಟವನ್ನು ಬಿಟ್ಟು ವರ್ಷಗಳೇ ಆದವು, ಎಲ್ಲ ಗೊತ್ತಿದೆ. ಆದರೆ ಐರೋಪ್ಯ ಸಂಸತ್ತಿನಲ್ಲೇ ಕುಳಿತು ಐರೋಪ್ಯ ಒಕ್ಕೂಟವನ್ನು ಸಂಶಯದಿಂದ ನೋಡುವ ಆ ಬೆಂಚಿನ ಇಂದಿನ ವಾರಸುದಾರರು ನೀವು. ಹಾಗಾಗಿ ಬಾಕಿ ಮಾತನ್ನು ನಿಮ್ಮ ಹತ್ತಿರವೇ ಆಡಬೇಕಾಗಿದೆ.

ಪತ್ರವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಿಮ್ಮಲ್ಲಿ 24 ಅಧಿಕೃತ ಭಾಷೆಗಳಿವೆ. 2011ರ ಜನಗಣತಿಯ ಪ್ರಕಾರ 4.37 ಕೋಟಿ ಜನರ ತಾಯ್ನುಡಿಯಾದ ಕನ್ನಡ ಆ ಪಟ್ಟಿಯಲ್ಲಿಲ್ಲದಿರುವುದಕ್ಕೆ ನನ್ನ ತಕರಾರೇನೂ ಇಲ್ಲ. ಸುಮಾರು ಐದು ಲಕ್ಷ ಜನರ ಮಾಲ್ಟೀಸ್ ಭಾಷೆಗೆ ಅಲ್ಲಿ ಜಾಗವಿದೆಯೆಂದು ಕೇಳಿದಾಗ ಸಂತೋಷವೇ ಆಯಿತು. ಅದರ ಎಷ್ಟೋ ಪಟ್ಟು ಜನ ಆಡುವ ಕ್ಯಾಟಲಾನ್ ಭಾಷೆಗೆ ಜಾಗವಿಲ್ಲ, ಕೊಡಬಾರದೆಂದು ಹಟ ಹಿಡಿದಿರುವ ಸ್ಪೇನಿನ ವೋಕ್ಸ್ ಪಕ್ಷ ‘ದೇಶಭಕ್ತರ’ ಈ ಗುಂಪಿನಲ್ಲೇ ಕುಳಿತಿದೆ ಎಂದು ತಿಳಿದಾಗ ಆ ಸಂತೋಷ ಸ್ವಲ್ಪ ಇಳಿಯಿತು. ಅದಿರಲಿ.

ನಮ್ಮ ಮನೆಯ ವಿಚಾರಕ್ಕೆ ನೀನೇಕೆ ಬಂದೆ ಎನ್ನುವಿರೇನೋ. 2019ರ ಅಕ್ಟೋಬರ್‌ನಲ್ಲಿ ನಿಮ್ಮ ಸಂಸತ್ತಿನ ಇಪ್ಪತ್ತಕ್ಕೂ ಹೆಚ್ಚು ಸದಸ್ಯರು ಶ್ರೀನಗರಕ್ಕೆ ಬಂದು ದಾಲ್ ಸರೋವರದಲ್ಲಿ ದೋಣಿ ಹತ್ತಿದ್ದರು. ಬಹುಪಾಲು ನಿಮ್ಮ ಕಡೆಯ ಬೆಂಚುಗಳವರು. ಅದು ಸಂಸತ್ತಿನ ಅಧಿಕೃತ ಭೇಟಿಯೂ ಆಗಿರಲಿಲ್ಲ. ಅವರು ನಮ್ಮ ಮನೆಯನ್ನು ನೋಡಿ ಹೋದರು. ನಾನು ನಿಮ್ಮ ಮನೆಯನ್ನು ನೋಡಿ ಬಂದೆ. ಲೆಕ್ಕ ಸಮವಾಯಿತು. ನನ್ನ ಖರ್ಚು ಮಾತ್ರ ನನ್ನದೇ, ಅಥವಾ ನನ್ನ ಅಳಿಯನದು.

ಮಗಳು, ಅಳಿಯ ಸ್ಟ್ರಾಸ್‌ಬರ್ಗಿನಲ್ಲಿದ್ದಾರೆ. ಅವರ ಮನೆಯಿಂದ ಟ್ರಾಮ್ ಹಿಡಿದರೆ ಹದಿನೈದು ನಿಮಿಷಕ್ಕೆ ನಿಮ್ಮ ಸಂಸತ್ತು. ಹೊರಗಿನಿಂದ ನೋಡಿದರೆ ಕಟ್ಟಡ ಇನ್ನೂ ಮುಗಿದಿಲ್ಲವೇನೋ, ಗುತ್ತಿಗೆದಾರ ಬಿಲ್ಲಿಗೆ ಕಾಯುತ್ತಿದ್ದಾನೇನೋ ಎನ್ನಿಸುತ್ತದೆ. ಬೇಕೆಂದೇ ಹಾಗೆ ಕಟ್ಟಿದ್ದಾರಂತೆ. ಒಳಗೆ ಸಂದರ್ಶಕರ ಗ್ಯಾಲರಿಯಲ್ಲಿ ಕುಳಿತಾಗ ಕಿವಿಗೆ ಹಾಕಿಕೊಳ್ಳಲು ಹೆಡ್‌ಫೋನ್ ಇತ್ತು. ಭಾಷೆ ಬದಲಿಸುತ್ತಾ ಹೋದೆ. ಕೆಳಗೆ ಮಾತನಾಡುತ್ತಿದ್ದ ಗಂಡಸಿನ ಬಾಯಿಂದ ಒಂದು ಚಾನೆಲಿನಲ್ಲಿ ಹೆಂಗಸಿನ ಧ್ವನಿ, ಇನ್ನೊಂದರಲ್ಲಿ ಮುದುಕರ ಧ್ವನಿ, ಮತ್ತೊಂದರಲ್ಲಿ ನೆಗಡಿ ಹಿಡಿದವರ ಧ್ವನಿ ಬರುತ್ತಿತ್ತು. ಗಾಜಿನ ಹಿಂದೆ ಕುಳಿತಿದ್ದ ಆ ಅನುವಾದಕರನ್ನು ನೋಡುತ್ತಾ ನಾನು ಭಾಷಣವನ್ನೇ ಮರೆತೆ. ಸಂಜೆಯ ಹೊತ್ತು, ಮುಕ್ಕಾಲು ಪಾಲು ಕುರ್ಚಿ ಖಾಲಿ.

ಆಗ ಬಲಗಡೆಯ ಬೆಂಚಿನಿಂದ ಒಬ್ಬರು ಎದ್ದರು. ಹೆಸರು ಬೇಡ. ಅವರಿಗೆ ಸಿಕ್ಕಿದ್ದು ಒಂದು ನಿಮಿಷ. ಆ ಒಂದು ನಿಮಿಷದಲ್ಲಿ, ಒಕ್ಕೂಟದ ಆಡಳಿತ ಕೇಂದ್ರವಾದ ಬ್ರಸೆಲ್ಸಿನ ಅಧಿಕಾರಿಗಳು ನಮ್ಮ ರೈತನನ್ನು, ನಮ್ಮ ಗಡಿಯನ್ನು, ನಮ್ಮ ಅಡುಗೆಮನೆಯನ್ನು ನುಂಗುತ್ತಿದ್ದಾರೆ ಎಂದರು. ಚೆನ್ನಾಗಿಯೇ ಮಾತನಾಡಿದರು. ಮಾತನಾಡುವಾಗ ಅವರ ಕಣ್ಣು ಪೀಠದ ಕಡೆಗಿರಲಿಲ್ಲ, ಎದುರು ಬೆಂಚಿನ ಕಡೆಗೂ ಇರಲಿಲ್ಲ, ಯಾವುದೋ ಕ್ಯಾಮೆರಾದ ಕಡೆಗಿತ್ತು. ನಿಮಿಷ ಮುಗಿಯಿತು, ಕಾಗದ ಮಡಚಿದರು, ಹೊರಟೇ ಹೋದರು. ಅವರ ಪ್ರಶ್ನೆಗೆ ಉತ್ತರ ಕೊಡಲು ಇನ್ನೊಬ್ಬರು ಎದ್ದು ನಿಂತಾಗ ಕುರ್ಚಿ ಖಾಲಿಯಾಗಿತ್ತು. ಕೌಂಟರಿನಲ್ಲಿ ಚೆಕ್ ಕೊಟ್ಟು ಟೋಕನ್ ಪಡೆದು, ಹಣ ಪಡೆಯದೇ ಹೋದ ಗಿರಾಕಿಯನ್ನು ನನ್ನ ಸೇವೆಯಲ್ಲಿ ನಾನು ನೋಡಿಲ್ಲ. ಅವರಿಗೆ ಬೇಕಾಗಿದ್ದದ್ದು ಹಣವಲ್ಲ, ಟೋಕನ್ ಎಂಬುದು ಆಮೇಲೆ ಹೊಳೆಯಿತು.

ವಿರೋಧವೇ ತಪ್ಪು ಎಂದು ಹೇಳಲು ನಾನು ಈ ಪತ್ರ ಬರೆಯುತ್ತಿಲ್ಲ. ಸಂಸತ್ತಿನ ಸಂಬಳ ತಿಂದು ಸಂಸತ್ತನ್ನೇ ಬಯ್ಯುತ್ತಾರೆ, ಉಂಡ ಮನೆಗೆ ಎರಡು ಬಗೆಯುತ್ತಾರೆ ಎಂದು ನಿಮ್ಮನ್ನು ಆಡಿಕೊಳ್ಳುವವರಿದ್ದಾರೆ. ನಾನು ಆ ಗುಂಪಿಗೆ ಸೇರುವವನಲ್ಲ. ನಾನು ನೌಕರರ ಸಂಘದವನು. ಬ್ಯಾಂಕಿನ ಸಂಬಳ ಪಡೆದು ಬ್ಯಾಂಕಿನ ಗೇಟಿನೆದುರೇ ಆಡಳಿತ ಮಂಡಳಿಗೆ ಧಿಕ್ಕಾರ ಕೂಗಿದವನು. ನಮ್ಮ ಕರಾವಳಿಯಲ್ಲಿ ಹುಟ್ಟಿದ ಬ್ಯಾಂಕುಗಳು 2019, 2020ರಲ್ಲಿ ಒಂದೊಂದಾಗಿ ಬೇರೆ ಬ್ಯಾಂಕುಗಳಲ್ಲಿ ವಿಲೀನವಾಗಿ, ಪರಿಚಿತ ಬೋರ್ಡುಗಳು ಇಳಿದಾಗ ಹೊಟ್ಟೆಯಲ್ಲಿ ಏನಾಯಿತೆಂದು ನನಗೆ ಗೊತ್ತು. ನಮ್ಮ ನಿರ್ಧಾರವನ್ನು ನಮ್ಮನ್ನು ಕಾಣದ ಯಾರೋ, ಎಲ್ಲೋ ದೂರದಲ್ಲಿ ಕುಳಿತು ಮಾಡುತ್ತಾರೆ ಎಂಬ ಸಂಕಟ ಸುಳ್ಳಲ್ಲ. ನಿಮ್ಮ ಮತದಾರರದೂ ಅದೇ ಸಂಕಟವಿರಬಹುದು. ಆದರೆ ಗೇಟಿನಲ್ಲಿ ಧಿಕ್ಕಾರ ಕೂಗಿದ ದಿನವೂ ಸಂಜೆ ನಗದು ತಾಳೆಯಾಗದೆ ನಾವು ಮನೆಗೆ ಹೋಗುತ್ತಿರಲಿಲ್ಲ. ನನ್ನ ತಕರಾರು ಇರುವುದು ಅಲ್ಲಿ.

ನಿಮ್ಮ ಸಂಸತ್ತಿನಲ್ಲಿ ಗುಂಪು ಕಟ್ಟಲು ಒಂದು ಲೆಕ್ಕವಿದೆ. ಕನಿಷ್ಠ 23 ಸದಸ್ಯರು ಬೇಕು, ಅವರು ಒಕ್ಕೂಟದ ಕಾಲು ಭಾಗದಷ್ಟು, ಅಂದರೆ ಏಳು, ದೇಶಗಳಿಂದ ಬಂದಿರಬೇಕು. ಗುಂಪಾದರೆ ಹಣ, ಸಿಬ್ಬಂದಿ, ಕಚೇರಿ, ಮಾತಿಗೆ ಸಮಯ, ಕಾರ್ಯಸೂಚಿ ನಿರ್ಧರಿಸುವ ಮೇಜಿನಲ್ಲಿ ಕುರ್ಚಿ. ಇಲ್ಲದಿದ್ದರೆ ಹಿಂದಿನ ಸಾಲು. ಬ್ರಿಟನ್ನಿನ ಬ್ರೆಕ್ಸಿಟ್ ಪಕ್ಷಕ್ಕೆ 2019ರಲ್ಲಿ 29 ಸ್ಥಾನಗಳು ಬಂದಿದ್ದವು. ಎಲ್ಲವೂ ಒಂದೇ ದೇಶದವು, ಜೊತೆಗೆ ಬರುವ ಬೇರೆ ದೇಶದವರು ಸಾಲಲಿಲ್ಲ, ಗುಂಪಾಗಲಿಲ್ಲ. ಅಂದರೆ ದೇಶ ದೇಶಗಳು ಒಟ್ಟಿಗೆ ಕೂರುವುದೇ ಬೇಡ ಎನ್ನುವವರೂ ಅಲ್ಲಿ ಬಾಳಬೇಕಾದರೆ ಮೊದಲು ಏಳು ದೇಶಗಳವರೊಂದಿಗೆ ಒಟ್ಟಿಗೆ ಕೂರಬೇಕು. ಈ ನಿಯಮ ಬರೆದವರಿಗೆ ಹಾಸ್ಯಪ್ರಜ್ಞೆ ಇತ್ತೋ ಇಲ್ಲವೋ ಗೊತ್ತಿಲ್ಲ, ಫಲಿತಾಂಶ ಮಾತ್ರ ಕಪ್ಪೆಗಳನ್ನು ತಕ್ಕಡಿಯಲ್ಲಿ ತೂಗಿದಂತೆಯೇ ಆಗಿದೆ.

2007ರ ಕಥೆ ನಿಮ್ಮಲ್ಲಿ ಹಳಬರಿಗೆ ನೆನಪಿರಬೇಕು. ಆ ವರ್ಷದ ಜನವರಿಯಲ್ಲಿ ರೊಮೇನಿಯಾ, ಬಲ್ಗೇರಿಯಾ ಒಕ್ಕೂಟಕ್ಕೆ ಸೇರಿದವು. ಒಕ್ಕೂಟ ಹಿಗ್ಗುವುದನ್ನು ಮೆಚ್ಚದ ಬಲಪಂಥೀಯರಿಗೆ ಆ ಹಿಗ್ಗುವಿಕೆಯೇ ತಲೆ ಎಣಿಕೆಯನ್ನು ಒದಗಿಸಿತು; ಫ್ರಾನ್ಸಿನ ಬ್ರುನೋ ಗೋಲ್ನಿಶ್ ಅವರ ಮುಂದಾಳತ್ವದಲ್ಲಿ ‘ಅಸ್ಮಿತೆ, ಪರಂಪರೆ, ಸಾರ್ವಭೌಮತ್ವ’ ಎಂಬ ಗುಂಪು ಹುಟ್ಟಿತು. ಆಗ ಬೇಕಿದ್ದದ್ದು 20 ಜನ. ಅದೇ ಗುಂಪಿನಲ್ಲಿ ಇಟಲಿಯ ಅಲೆಸ್ಸಾಂದ್ರಾ ಮುಸೋಲಿನಿ ಇದ್ದರು, ಹೌದು, ಅದೇ ಮುಸೋಲಿನಿಯ ಮೊಮ್ಮಗಳು. ಶರತ್ಕಾಲದಲ್ಲಿ ರೋಮ್‌ನಲ್ಲಿ ಒಂದು ಕೊಲೆಯಾಯಿತು, ಆರೋಪಿ ರೊಮೇನಿಯಾದಿಂದ ಬಂದವನು. ಕಾನೂನು ಮುರಿಯುವುದೇ ರೊಮೇನಿಯನ್ನರ ಜೀವನಕ್ರಮವೆಂಬ ಅರ್ಥದಲ್ಲಿ ಮುಸೋಲಿನಿ ಮಾತನಾಡಿದರು. ಪಕ್ಕದ ಕುರ್ಚಿಗಳಲ್ಲಿದ್ದ ‘ಗ್ರೇಟರ್ ರೊಮೇನಿಯಾ’ ಪಕ್ಷದ ಐವರು ಎದ್ದು ಹೋದರು. ನವೆಂಬರ್‌ನಲ್ಲಿ ಗುಂಪು ಮುಗಿಯಿತು, ಒಂದು ವರ್ಷವೂ ತುಂಬಿರಲಿಲ್ಲ. ಹೊರಗಿನವರನ್ನು ಬಯ್ಯುವುದನ್ನೇ ಬಂಡವಾಳ ಮಾಡಿಕೊಂಡವರು ಒಂದೇ ಬೆಂಚಿನಲ್ಲಿ ಕುಳಿತರೆ ಹೊರಗಿನವರು ಯಾರು? ಪಕ್ಕದಲ್ಲಿ ಕುಳಿತವರೇ.

2014ರಲ್ಲಿ ಫರಾಜ್ ಅವರ ಗುಂಪಿನಲ್ಲಿ 48 ಜನರಿದ್ದರು, ಆದರೆ ದೇಶಗಳು ಏಳೇ ಏಳು. ಅಕ್ಟೋಬರ್ 16ರಂದು ಲಾಟ್ವಿಯಾದ ಒಬ್ಬ ಸದಸ್ಯೆ ಹೊರನಡೆದರು, ದೇಶಗಳು ಆರಾದವು, ಗುಂಪು ಉರುಳಿತು. ನಾಲ್ಕೇ ದಿನಗಳಲ್ಲಿ ಪೋಲೆಂಡಿನಿಂದ ಒಬ್ಬರು ಸಿಕ್ಕರು, ಗುಂಪು ಎದ್ದು ಕುಳಿತಿತು. ಅದೇ ಗುಂಪಿನ ಇನ್ನೊಂದು ಕಂಬ, ಇಟಲಿಯ ಫೈವ್ ಸ್ಟಾರ್ ಚಳವಳಿ, 2017ರ ಜನವರಿಯಲ್ಲಿ ಗಂಟುಮೂಟೆ ಕಟ್ಟಿತು. ಎಲ್ಲಿಗೆ? ಐರೋಪ್ಯ ಏಕೀಕರಣದ ಪರಮಭಕ್ತರಾದ ಉದಾರವಾದಿಗಳ ಗುಂಪಿಗೆ. ಅವರು ಬಾಗಿಲು ಹಾಕಿದರು. ಮತ್ತೆ ಹಳೆಯ ಮನೆಯ ಬಾಗಿಲನ್ನೇ ತಟ್ಟಬೇಕಾಯಿತು. ನಮ್ಮೂರಿನಲ್ಲಿ ಗ್ರಾಮ ಪಂಚಾಯಿತಿ ಅಧ್ಯಕ್ಷಗಿರಿಗೆ ರೆಸಾರ್ಟಿಗೆ ಹೋಗುವವರನ್ನು ನೋಡಿ ನಾವು ನಗುತ್ತೇವೆ. ಇನ್ನು ಮುಂದೆ ಸ್ವಲ್ಪ ಕಡಿಮೆ ನಗುತ್ತೇನೆ.

ಈಗ ನಿಮ್ಮದೇ ಗುಂಪು. 2024ರ ಜೂನ್ 30ರಂದು ವಿಯೆನ್ನಾದಲ್ಲಿ ಹಂಗೇರಿಯ ವಿಕ್ಟರ್ ಒರ್ಬಾನ್, ಜೆಕ್ ದೇಶದ ಆಂದ್ರೇ ಬಾಬಿಶ್, ಆಸ್ಟ್ರಿಯಾದ ಹರ್ಬರ್ಟ್ ಕಿಕ್ಲ್ ಘೋಷಿಸಿದರು; ಜುಲೈ 8ಕ್ಕೆ 12 ದೇಶಗಳ 84 ಸದಸ್ಯರ ಗುಂಪು ಸಿದ್ಧವಾಯಿತು, ಫ್ರಾನ್ಸಿನ ಜೋರ್ಡಾನ್ ಬಾರ್ಡೆಲ್ಲಾ ಅಧ್ಯಕ್ಷರಾದರು. 720 ಜನರ ಸಂಸತ್ತಿನಲ್ಲಿ ಮೂರನೆಯ ದೊಡ್ಡ ಗುಂಪು, ಸಣ್ಣ ಸಾಧನೆಯಲ್ಲ. ಅದೇ ತಿಂಗಳು ಜರ್ಮನಿಯ ಬಲಪಂಥೀಯ ಎಎಫ್‌ಡಿ ಪಕ್ಷದ ಸುತ್ತ 25 ಜನರ ಇನ್ನೊಂದು ಗುಂಪು ಹುಟ್ಟಿತು. ಎಎಫ್‌ಡಿಯನ್ನು ಮೇ ತಿಂಗಳಲ್ಲಿ ಹೊರಹಾಕಿದ್ದು ನಿಮ್ಮಲ್ಲಿ ಹಲವರಿದ್ದ ಹಿಂದಿನ ಗುಂಪೇ. ನಾಜಿಗಳ ಎಸ್‌ಎಸ್ ಪಡೆಯ ಬಗ್ಗೆ ಅವರ ಪ್ರಮುಖ ಅಭ್ಯರ್ಥಿ ಆಡಿದ ಮಾತು ನಿಮಗೂ ಹಿಡಿಸಲಿಲ್ಲ, ಅಷ್ಟರಮಟ್ಟಿಗೆ ಒಳ್ಳೆಯದೇ. ಇನ್ನೊಂದು ಕಡೆ 78 ಜನರ ‘ಕನ್ಸರ್ವೇಟಿವ್ಸ್ ಅಂಡ್ ರಿಫಾರ್ಮಿಸ್ಟ್ಸ್’ ಗುಂಪು. ಕೂಡಿ ನೋಡಿ: 84, 78, 25. ಒಟ್ಟು 187. ಆಗ ಅತಿದೊಡ್ಡ ಗುಂಪಾದ ಪೀಪಲ್ಸ್ ಪಾರ್ಟಿಗೆ ಇದ್ದದ್ದು 188. ಒಬ್ಬರೇ ಒಬ್ಬರು ಕಡಿಮೆ! ಆದರೂ ನೀವು ಒಂದಾಗಲಿಲ್ಲ. ರಷ್ಯಾ ಎಂದರೆ ಪೋಲೆಂಡಿನ ಸಂಪ್ರದಾಯವಾದಿಗಳಿಗೆ ಮೈ ಉರಿಯುತ್ತದೆ, ಒರ್ಬಾನ್ ಅವರಿಗೆ ಅಷ್ಟು ಉರಿಯುವುದಿಲ್ಲ. ಸಹಜವೇ, ದೇಶಗಳ ಇತಿಹಾಸ ಬೇರೆ, ಹೆದರಿಕೆ ಬೇರೆ. ಬೇರೆ ಬೇರೆ ಹೆದರಿಕೆಯವರನ್ನು ಒಂದು ಮೇಜಿಗೆ ಕೂರಿಸುವುದು ಎಷ್ಟು ಕಷ್ಟವೆಂದು ನಿಮಗೆ ಗೊತ್ತಾಗಿದೆಯಲ್ಲ, ನೀವು ದಿನಬೆಳಗಾದರೆ ಬಯ್ಯುವ ಬ್ರಸೆಲ್ಸಿನ ಕೆಲಸವೂ ಅದೇ.

ನಿಮಗೆ ಆಗಿರುವ ಒಂದು ಅನ್ಯಾಯವನ್ನೂ ಬರೆಯಬೇಕು. ಮೂರನೆಯ ದೊಡ್ಡ ಗುಂಪಾದರೂ 2024ರಲ್ಲಿ ನಿಮಗೆ ಒಂದೇ ಒಂದು ಉಪಾಧ್ಯಕ್ಷ ಸ್ಥಾನ ಕೊಡಲಿಲ್ಲ, ಒಂದು ಸಮಿತಿಯ ಅಧ್ಯಕ್ಷತೆಯನ್ನೂ ಕೊಡಲಿಲ್ಲ. ಉಳಿದವರು ಬೇಲಿ ಕಟ್ಟಿ ನಿಮ್ಮನ್ನು ಆಚೆ ನಿಲ್ಲಿಸಿದರು. ನಿಮ್ಮ ವಿಚಾರಗಳು ನನಗೆ ಹಿಡಿಸುವುದಿಲ್ಲ, ಆದರೂ ಇದು ಸರಿಯೆಂದು ನನ್ನ ಮನಸ್ಸು ಒಪ್ಪುವುದಿಲ್ಲ. ಮತ ಹಾಕಿದವರು ಲಕ್ಷಾಂತರ ಜನ.

ಆದರೆ ಬೇಲಿ ಒಮ್ಮೆ ತೆರೆಯಿತಲ್ಲ, ಆಗ ಏನು ಮಾಡಿದಿರಿ? 2025ರ ಜುಲೈನಲ್ಲಿ 2040ರ ಹವಾಮಾನ ಗುರಿಯ ಕಡತ ನಿಮ್ಮ ಗುಂಪಿನ ಕೈಗೆ ಬಂತು. ಹೊಗೆಯುಗುಳುವಿಕೆಯನ್ನು ಶೇ 90ರಷ್ಟು ತಗ್ಗಿಸುವ ಪ್ರಸ್ತಾವ, ಒಕ್ಕೂಟದ ಅತಿ ದೊಡ್ಡ ಕಡತಗಳಲ್ಲಿ ಒಂದು. ನಿಮ್ಮ ರೈತನಿಗೆ, ನಿಮ್ಮ ಕಾರ್ಖಾನೆಯವನಿಗೆ, ತಣ್ಣನೆಯ ಮನೆಯ ಮುದುಕಿಗೆ ಏನೇನು ರಿಯಾಯಿತಿ ಬೇಕೆಂದು ಸಾಲು ಸಾಲಾಗಿ ಬರೆಯಬಹುದಾಗಿತ್ತು. ನೀವು ಬರೆದದ್ದು ಪ್ರಸ್ತಾವವನ್ನೇ ತಿರಸ್ಕರಿಸಿ ಎಂದು. ಕಡತ ನಿಮ್ಮನ್ನು ದಾಟಿಕೊಂಡು ಮುಂದೆ ಹೋಯಿತು. ನವೆಂಬರ್‌ನಲ್ಲಿ ಸಂಸತ್ತು ಶೇ 90ನ್ನು ಒಪ್ಪಿತು, ಅದರೊಳಗಿನ ಸಡಿಲಿಕೆಗಳಿಗೆ ಚೌಕಾಸಿ ಮಾಡಿದವರು ಬೇರೆಯವರು. ನಮ್ಮ ಶಾಖೆಯಲ್ಲಿ ಸಾಲದ ಅರ್ಜಿಯ ಮೇಲೆ ಓದದೆಯೇ ‘ತಿರಸ್ಕರಿಸಲಾಗಿದೆ’ ಎಂಬ ಮೊಹರು ಒತ್ತುವ ಒಬ್ಬ ಮ್ಯಾನೇಜರ್ ಇದ್ದರು. ಅವರನ್ನು ಯಾರೂ ಕ್ರಾಂತಿಕಾರಿ ಎಂದು ಕರೆಯಲಿಲ್ಲ.

ಮಾಡಬೇಕಾದ ಕೆಲಸ ಬೆಟ್ಟದಷ್ಟಿದೆ. 2005ರಲ್ಲಿ ಫ್ರಾನ್ಸಿನ ಜನ, ನೆದರ್ಲೆಂಡ್ಸ್‌ನ ಜನ ಐರೋಪ್ಯ ಸಂವಿಧಾನ ಬೇಡವೆಂದು ಮತ ಹಾಕಿದರು. ಅದರ ಬಹುಪಾಲು ಸರಕು ಲಿಸ್ಬನ್ ಒಪ್ಪಂದವಾಗಿ ಹಿಂಬಾಗಿಲಿನಿಂದ ಬಂತು. 2008ರಲ್ಲಿ ಐರ್ಲೆಂಡ್ ಬೇಡವೆಂದಿತು. ಮರುವರ್ಷ ಮತ್ತೊಮ್ಮೆ ಕೇಳಿ ಹೌದೆನಿಸಿಕೊಂಡರು. ಸರಿಯಾದ ಉತ್ತರ ಬರುವವರೆಗೆ ಪರೀಕ್ಷೆ ಬರೆಸುವ ಈ ಪದ್ಧತಿಯನ್ನು ಪ್ರಶ್ನಿಸಲು ಸಂಶಯವಾದಿಗಳೇ ಬೇಕು. ಇಂದಿಗೂ ಚುನಾಯಿತ ಸಂಸತ್ತು ತಾನಾಗಿ ಒಂದು ಕಾನೂನನ್ನು ಮಂಡಿಸುವಂತಿಲ್ಲ, ಆ ಹಕ್ಕು ಐರೋಪ್ಯ ಆಯೋಗದ್ದು, ಅಂದರೆ ಒಕ್ಕೂಟದ ಕಾರ್ಯಾಂಗದ್ದು. ಅಂತಿಮ ಚೌಕಾಸಿ ಮುಚ್ಚಿದ ಕೋಣೆಯಲ್ಲಿ ನಡೆಯುತ್ತದೆ.

ಈ ಕೆಲಸ ಮಾಡಿದ ಒಬ್ಬರು ನಿಮ್ಮ ಬೆಂಚಿನಲ್ಲೇ ಇದ್ದರು. ಡೆನ್ಮಾರ್ಕಿನ ಯೆನ್ಸ್-ಪೀಟರ್ ಬೊಂಡೆ. 1979ರ ಮೊದಲ ನೇರ ಚುನಾವಣೆಯಲ್ಲಿ ಒಕ್ಕೂಟದ ವಿರೋಧಿಯಾಗಿ ಗೆದ್ದು ಬಂದವರು, 2008ರವರೆಗೆ ಅಲ್ಲೇ ಕುಳಿತವರು, ಕೆಲಕಾಲ ಫರಾಜ್ ಜೊತೆಗೆ ಒಂದೇ ಗುಂಪಿನ ಜೋಡಿ ಅಧ್ಯಕ್ಷರಾಗಿದ್ದವರು. ಅವರು ಮಾಡಿದ್ದೇನು ಗೊತ್ತೇ? ಒಪ್ಪಂದಗಳನ್ನು ಓದಿದರು. ಲಿಸ್ಬನ್ ಒಪ್ಪಂದದ ಮೂಲಪ್ರತಿ ನಮ್ಮ ಬ್ಯಾಂಕಿನ ಸುತ್ತೋಲೆಗಳಂತೆಯೇ ಇತ್ತು: ಇಂಥ ವಿಧಿಯ ಇಂಥ ಪ್ಯಾರಾದಲ್ಲಿ ಈ ಪದದ ಬದಲು ಆ ಪದ ಎಂದು ಓದಿಕೊಳ್ಳತಕ್ಕದ್ದು. ಅಂಥದ್ದನ್ನು ಸಾಮಾನ್ಯ ಓದುಗನಿಗೆ ಅರ್ಥವಾಗುವಂತೆ ಜೋಡಿಸಿ ಪ್ರಕಟಿಸಿದವರು ಒಪ್ಪಂದವನ್ನು ವಿರೋಧಿಸುತ್ತಿದ್ದ ಈ ಮನುಷ್ಯ. 2021ರಲ್ಲಿ ಅವರು ತೀರಿಕೊಂಡರು. ನಿಮ್ಮ ಕಚೇರಿಯ ಗೋಡೆಗೆ ಒಂದು ಫೋಟೋ ಹಾಕಬೇಕೆಂದಿದ್ದರೆ ಅವರದನ್ನು ಹಾಕಿ.

ಇನ್ನೊಂದು ಉದಾಹರಣೆ ಸ್ಟ್ರಾಸ್‌ಬರ್ಗಿನದೇ. ಪ್ರತಿ ತಿಂಗಳೂ ಸಂಸತ್ತಿನ ಇನ್ನೊಂದು ಮನೆಯಾದ ಬ್ರಸೆಲ್ಸಿನಿಂದ ಪೆಟ್ಟಿಗೆಗಳಲ್ಲಿ ಕಡತ ತುಂಬಿ, ಲಾರಿಗಳಲ್ಲಿ ಹೇರಿ, ನಾಲ್ಕು ದಿನದ ಅಧಿವೇಶನ ಮುಗಿಸಿ ಮತ್ತೆ ಹೇರಿಕೊಂಡು ಹೋಗುವ ಆ ಯಕ್ಷಗಾನ ಮೇಳದ ತಿರುಗಾಟ. ಎಲ್ಲವನ್ನೂ ಬ್ರಸೆಲ್ಸಿಗೇ ಸೇರಿಸಿದರೆ ವರ್ಷಕ್ಕೆ 11.4 ಕೋಟಿ ಯೂರೋ ಉಳಿಯುತ್ತದೆಂದು 2014ರಲ್ಲಿ ಒಕ್ಕೂಟದ ಲೆಕ್ಕಪರಿಶೋಧಕರೇ ಹೇಳಿದ್ದರು. ಅದರ ಹಿಂದಿನ ವರ್ಷ, ತಾನು ಎಲ್ಲಿ ಕೂರಬೇಕೆಂದು ತಾನೇ ನಿರ್ಧರಿಸುವ ಹಕ್ಕು ಬೇಕೆಂದು ಸಂಸತ್ತು 483–141 ಮತಗಳಿಂದ ಕೇಳಿತ್ತು. ಆ ವರದಿ ಬರೆದವರಲ್ಲಿ ಒಬ್ಬರು ಬ್ರಿಟನ್ನಿನ ಕನ್ಸರ್ವೇಟಿವ್, ಇನ್ನೊಬ್ಬರು ಜರ್ಮನಿಯ ಹಸಿರು ಪಕ್ಷದವರು. ಮನಸ್ಸಿದ್ದರೆ ಹೀಗೂ ಒಟ್ಟಿಗೆ ಕೂರಬಹುದು. ಆದರೂ ಏನೂ ಆಗಲಿಲ್ಲ. ಏಕೆಂದರೆ ಸ್ಟ್ರಾಸ್‌ಬರ್ಗ್ ಎಂಬ ಊರಿನ ಹೆಸರನ್ನು ಒಕ್ಕೂಟದ ಒಪ್ಪಂದದಲ್ಲೇ ಬರೆದಿಟ್ಟಿದ್ದಾರೆ. ಅದನ್ನು ಬದಲಿಸಲು ಎಲ್ಲ ದೇಶಗಳೂ ಒಪ್ಪಬೇಕು, ಫ್ರಾನ್ಸ್ ಒಪ್ಪುವುದಿಲ್ಲ. ದೇಶಗಳ ಸಾರ್ವಭೌಮತ್ವದ ಕೊನೆಯ ಕೋಟೆಯೆಂದು ನೀವು ಕಾಯುವ ಆ ವೀಟೊ ಇದೆಯಲ್ಲ, ಲಾರಿಗಳನ್ನು ಓಡಿಸುತ್ತಿರುವುದು ಅದೇ. ಬ್ರಸೆಲ್ಸಿನ ದುಂದುವೆಚ್ಚ ಎಂದು ಮುಂದಿನ ಸಲ ಭಾಷಣ ಮಾಡುವಾಗ ಈ ಸಾಲನ್ನೂ ಓದಿ.

ದುಡ್ಡಿನ ಮಾತು ಬಂದದ್ದಕ್ಕೆ ಇದನ್ನೂ ಹೇಳಬೇಕು. 2025ರ ಮಾರ್ಚ್ 31ರಂದು ಪ್ಯಾರಿಸ್ಸಿನ ನ್ಯಾಯಾಲಯ ಬಾರ್ಡೆಲ್ಲಾ ಅವರ ಪಕ್ಷದವರೇ ಆದ ಮರೀನ್ ಲೆ ಪೆನ್ ಮತ್ತು ಆ ಪಕ್ಷದ ಇತರ ಹಲವರನ್ನು ತಪ್ಪಿತಸ್ಥರೆಂದಿತು. ಸಂಸದರ ಸಹಾಯಕರಿಗೆಂದು ಐರೋಪ್ಯ ಸಂಸತ್ತು ಕೊಟ್ಟ ಹಣದಲ್ಲಿ ಪಕ್ಷದ ಕೆಲಸಗಾರರಿಗೆ ಸಂಬಳ ಕೊಟ್ಟರೆಂಬುದು ಆರೋಪ, ಮೊತ್ತ ಸುಮಾರು 40 ಲಕ್ಷ ಯೂರೋ. ಅವರು ಮೇಲ್ಮನವಿ ಹೋದರು, ಅದು ಅವರ ಹಕ್ಕು. ಇತ್ತ 2022ರ ಡಿಸೆಂಬರ್‌ನಲ್ಲಿ ಬೆಲ್ಜಿಯಂ ಪೊಲೀಸರು ಬೇರೆ ಗುಂಪಿನವರ ಮನೆಗಳಲ್ಲಿ ಹಿಡಿದ ನೋಟಿನ ರಾಶಿಯ ಫೋಟೋ ಪತ್ರಿಕೆಗಳಲ್ಲಿ ಬಂದಾಗ, ಅಭ್ಯಾಸಬಲದಿಂದ ನನ್ನ ಹೆಬ್ಬೆರಳು ಎಣಿಸಲು ಶುರುಮಾಡಿತ್ತು. ಯಾವ ಗುಂಪಿನ ಚೀಲವಾದರೂ ಎಣಿಸುವವನಿಗೆ ನೋಟು ನೋಟೇ. ಎದುರಿನವರ ಚೀಲವನ್ನು ಮಾತ್ರ ಎಣಿಸುವ ಕ್ಯಾಷಿಯರ್‌ನನ್ನು ಗಿರಾಕಿಗಳು ನಂಬುವುದಿಲ್ಲ.

ಇನ್ನು ನನ್ನ ಸ್ವಂತ ವಿಷಯ. ಸ್ಟ್ರಾಸ್‌ಬರ್ಗಿನ ಡಿ ಟ್ರಾಮ್ 2017ರಿಂದ ರೈನ್ ನದಿ ದಾಟಿ ಜರ್ಮನಿಯ ಕೇಲ್ ಊರಿಗೆ ಹೋಗುತ್ತದೆ. ಸಾಬೂನು, ಶಾಂಪೂ ಅಲ್ಲಿ ಅಗ್ಗವೆಂದು ಶನಿವಾರ ಫ್ರೆಂಚ್ ಹೆಂಗಸರು ಚೀಲ ಹಿಡಿದು ಹೊರಡುತ್ತಾರೆ, ಹೆಮ್ಮಾಡಿಯವರು ಕುಂದಾಪುರದ ಸಂತೆಗೆ ಹೊರಟಂತೆ. ಎರಡು ಮಹಾಯುದ್ಧಗಳಲ್ಲಿ ಜಾಗ ಬದಲಿಸಿದ ಗಡಿಯನ್ನು ಶಾಂಪೂಗಾಗಿ ದಾಟುವುದನ್ನು ನೋಡಿ, ನಾನು ಪಕ್ಕದಲ್ಲಿದ್ದ ಮಗಳಿಗೆ ‘ಕಾಣು ಮಾರಾಯ್ತಿ’ ಎಂದಿದ್ದೆ. 2024ರ ಸೆಪ್ಟೆಂಬರ್‌ನಿಂದ ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲಿ ತಪಾಸಣೆ ಆರಂಭಿಸಿದೆ. ಕಳೆದ ಸಲ ಹೋದಾಗ ಪೊಲೀಸರಿಬ್ಬರು ಟ್ರಾಮ್ ಹತ್ತಿದರು. ತುಂಬಿದ ಬೋಗಿಯಲ್ಲಿ ಮೂವರ ಕಾಗದ ಕೇಳಿದರು. ಇಬ್ಬರು ನಾನು, ನನ್ನ ಮಗಳು. ಮೂರನೆಯವನು ಒಬ್ಬ ಆಫ್ರಿಕನ್ ಹುಡುಗ. ಒರಟುತನ ಇರಲಿಲ್ಲ, ಧನ್ಯವಾದ ಹೇಳಿಯೇ ಇಳಿದರು. ಎಂಟು ವರ್ಷದ ಮೊಮ್ಮಗಳು, ಅಜ್ಜಯ್ಯ, ನನ್ನದು ಏಕೆ ಕೇಳಲಿಲ್ಲ ಎಂದಳು. ಅವಳು ಅಲ್ಲೇ ಹುಟ್ಟಿದವಳು. ತನ್ನ ಕಾರ್ಡು ತೋರಿಸುವ ಆಸೆ ಅವಳಿಗೆ.

ನಿಮ್ಮ ಒಂದು ನಿಮಿಷದ ಭಾಷಣಗಳಲ್ಲಿ ‘ವಲಸಿಗರು’ ಎಂಬ ಪದ ಬಂದಾಗ ಅವಳೂ ಆ ಪದದೊಳಗೆ ಇದ್ದಾಳೋ ಇಲ್ಲವೋ, ಅದನ್ನು ಬಿಡಿಸಿ ಹೇಳಿ. ಒಕ್ಕೂಟದ ವಿಷಯದಲ್ಲೂ ಅಷ್ಟೇ. ಒಂದು ಕಾಲದಲ್ಲಿ ನಿಮ್ಮಲ್ಲಿ ಹಲವರು ಒಕ್ಕೂಟವನ್ನು ಅಥವಾ ಯೂರೋವನ್ನು ಬಿಡುವ ಮಾತನಾಡುತ್ತಿದ್ದಿರಿ. ಬ್ರಿಟನ್ನಿನ ಪಾಡು ನೋಡಿದ ಮೇಲೆ ಫ್ರಾನ್ಸಿನಲ್ಲಿ ಆ ಮಾತು ನಿಂತಿತು, ನೆದರ್ಲೆಂಡ್ಸ್‌ನಲ್ಲಿ ಮೆತ್ತಗಾಯಿತು. ಈಗ ಒಳಗಿದ್ದೇ ಬದಲಿಸುತ್ತೇವೆ ಎನ್ನುತ್ತೀರಿ. ಸಂತೋಷ. ಹಾಗಾದರೆ ಯಾವ ವಿಧಿ, ಯಾವ ಪ್ಯಾರಾ, ಯಾವ ಪದದ ಬದಲು ಯಾವ ಪದ? ಬೊಂಡೆಯವರ ಹಾಗೆ ಬರೆದು ಮೇಜಿನ ಮೇಲಿಡಿ. 2025ರ ಜುಲೈನಲ್ಲಿ ಆಯೋಗದ ಮೇಲೆ ಅವಿಶ್ವಾಸ ಬಂದಾಗ ಪರವಾಗಿ ಬಿದ್ದ ಮತ 175, ವಿರುದ್ಧ 360. ಉರುಳಿಸುವಷ್ಟು ಬಲ ನಿಮಗಿಲ್ಲ, ಆದರೆ ತಿದ್ದುಪಡಿಗೆ ಬೆಲೆ ಕಟ್ಟಿಸಿಕೊಳ್ಳುವಷ್ಟು ಇದೆ. ಪೀಪಲ್ಸ್ ಪಾರ್ಟಿಯವರು ಅಗತ್ಯ ಬಿದ್ದಾಗ ನಿಮ್ಮ ಮತ ಎಣಿಸಿಕೊಳ್ಳುವುದನ್ನು ಕಲಿತಿದ್ದಾರೆ. ನೀವೂ ಎಣಿಸಿಕೊಡುವಾಗ ಎದುರಿಗೆ ಏನು ಬಂತೆಂದು ನೋಡಿಕೊಳ್ಳಿ.

ಬರುವ ಬೇಸಿಗೆಯಲ್ಲಿ ಮತ್ತೆ ಸ್ಟ್ರಾಸ್‌ಬರ್ಗಿಗೆ ಬರುವವನಿದ್ದೇನೆ. ಗ್ಯಾಲರಿಯಲ್ಲಿ ಎಡಗಿವಿಗೆ ಹೆಡ್‌ಫೋನ್ ಹಾಕಿಕೊಂಡು ಕುಳಿತ, ಕೆಳದರ್ಜೆಯ ಬ್ಯಾಂಕ್ ಗುಮಾಸ್ತನ ಚಹರೆಯ ಮುದುಕನೊಬ್ಬ ಕಂಡರೆ ಅದು ನಾನೇ. ನಿಮ್ಮ ಒಂದು ನಿಮಿಷ ಮುಗಿದ ಮೇಲೂ ಎದುರಿನವರ ಉತ್ತರ ಕೇಳಲು ನೀವು ಕುಳಿತಿರುತ್ತೀರೋ ಎಂದು ನೋಡಲು ಬಂದಿರುತ್ತೇನೆ.

2010ರ ಕ್ಷಮಾಪಣೆಯನ್ನು ನಮ್ಮ ಶಾಖೆಯ ಕ್ಯಾಷ್ ಕೌಂಟರಿನ ಪರವಾಗಿ ಸ್ವೀಕರಿಸಲಾಗಿದೆ. ಈ ಪತ್ರವನ್ನೇ ರಸೀದಿಯೆಂದು ತಿಳಿಯಬೇಕಾಗಿ ವಿನಂತಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಬ್ಯಾಂಕ್ ಗುಮಾಸ್ತ,
ಕುಂದಾಪುರ ತಾಲ್ಲೂಕು, ಉಡುಪಿ ಜಿಲ್ಲೆ